ದೇವರ ಎತ್ತುಗಳ ಅರ್ಜಿ

ನನ್ನ ತಗಡಿನ ಪೆಟ್ಟಿಗೆಯ ತಳದಲ್ಲಿ, ಅವ್ವನ ಹಳೆಯ ಮೊಳಕಾಲ್ಮೂರು ಸೀರೆಯ ತುಂಡೊಂದರಲ್ಲಿ ಸುತ್ತಿಟ್ಟ ಒಂದು ಅರ್ಜಿ ಇದೆ. ಇಂಗ್ಲಿಷಿನಲ್ಲಿ ಬರೆದದ್ದು. ಯಾವ ಅಧಿಕಾರಿಯ ಕೈಗೂ ಸೇರದೆ ಉಳಿದದ್ದು. ಅದರಲ್ಲಿ ಒಂದೇ ಒಂದು ತಪ್ಪಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಉಳಿದ ಯಾವ ವಿಷಯದಲ್ಲೂ ಪ್ರಮಾಣ ಮಾಡುವ ಧೈರ್ಯ ನನಗಿಲ್ಲ. ಮದರಾಸಿನಲ್ಲಿ ಬಿ.ಎ. ಓದುವಾಗ ಸಾಕ್ಷಿಯಿಲ್ಲದ ಮಾತನ್ನು ನಂಬಬಾರದು ಎಂದು ಕಲಿತು ಬಂದವನು ನಾನು. ಊರಿಗೆ ಬಂದ ಮೇಲೆ ಜಾತಕ ನಂಬಲಿಲ್ಲ, ಶಕುನ ನಂಬಲಿಲ್ಲ, ಅಜ್ಜಿ ಹೇಳುತ್ತಿದ್ದ ದೆವ್ವವನ್ನು ಮಾತ್ರ ಹುಣಸೆ ಮರದ ಕೆಳಗೆ ಹಾಯುವಾಗ ಸ್ವಲ್ಪ ನಂಬುತ್ತಿದ್ದೆ. ಆದರೆ ನನ್ನ ಸ್ವಂತ ನೆನಪನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಈಗ ಮುದುಕನಾಗಿದ್ದೇನೆ. ನಿನ್ನೆ ಕನ್ನಡಕ ಇಟ್ಟ ಜಾಗ ಇಂದು ನೆನಪಿರುವುದಿಲ್ಲ. ಮೂವತ್ತು ನಲವತ್ತು ವರ್ಷದ ಹಿಂದಿನದು ಮಾತ್ರ ಮಾತು ಮಾತೂ ನೆನಪಿದೆ ಎಂದು ಹೇಳಿಕೊಂಡು ತಿರುಗುತ್ತೇನೆ. ಇದು ಅನುಮಾನಕ್ಕೆ ಯೋಗ್ಯವಾದ ಸಂಗತಿ. ಆದ್ದರಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈ ಕತೆಯನ್ನು ಮೊದಲು ನೆನಪಿನಿಂದ ಬರೆಯುತ್ತೇನೆ. ಆಮೇಲೆ ಗಂಟು ಬಿಚ್ಚಿ ಕಾಗದ ನೋಡುತ್ತೇನೆ.

ಚಳ್ಳಕೆರೆಗೆ ರೈಲು ಇರಲಿಲ್ಲ. ದುರ್ಗದಿಂದ ಎತ್ತಿನ ಗಾಡಿಯಲ್ಲಿ ಬಂದು ಇಳಿದ ನನ್ನ ಜೊತೆ ಒಂದು ಪೆಟ್ಟಿಗೆ ಪುಸ್ತಕ, ಒಂದು ಕೋಟು, ಒಂದು ಬಾಟಲಿ ಕೆಂಪು ಶಾಯಿ ಇದ್ದವು. ಕೆಂಪು ಶಾಯಿ ಬಳಸುವುದು ಮೇಷ್ಟ್ರುಗಳು. ನನಗೆ ಯಾವ ಕೆಲಸವೂ ಸಿಕ್ಕಿರಲಿಲ್ಲ, ಆದರೂ ಶಾಯಿ ಕೊಂಡಿದ್ದೆ. ಅಪ್ಪ ತೀರಿಕೊಂಡಿದ್ದ. ಅವ್ವ ಹೊಲ ನೋಡಿಕೊಳ್ಳುತ್ತಿದ್ದಳು, ನಾನು ಜಗಲಿಯ ಮೇಲೆ ಕೂತು ಸರ್ಕಾರದ ನೌಕರಿ ಆರ್ಡರಿಗೆ ಕಾಯುತ್ತಿದ್ದೆ. ಊರವರು ನನ್ನನ್ನು ಬಿ.ಎ. ಸಾಮೇರು ಎನ್ನುತ್ತಿದ್ದರು. ಅದು ಗೌರವ ಎಂದು ಬಹಳ ದಿನ ತಿಳಿದುಕೊಂಡಿದ್ದೆ.

ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಬ್ಬ ಮುದುಕ ಮುನ್ಷಿ ಕೂರುತ್ತಿದ್ದರು. ಅರ್ಜಿ ಬರೆಯುವುದು ಅವರ ಕಸುಬು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರಲ್ಲ. ಹಳೆಯ ಅರ್ಜಿಗಳನ್ನು ನಕಲು ಮಾಡಿ ಮಾಡಿ ಕಲಿತವರು. ಸುತ್ತಮುತ್ತಲ ಹಳ್ಳಿಯವರ ಪಾಲಿಗೆ ಸರ್ಕಾರದ ಕಿವಿ ಇದ್ದದ್ದೇ ಆ ಮರದ ಕೆಳಗೆ. ಅವರ ಇಂಗ್ಲಿಷ್ ಕಂಡರೆ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. 'ಮಸ್ಟ್ ಗೋಸ್' ಎಂದು ಬರೆಯುತ್ತಿದ್ದರು. 'ಕ್ಯಾನ್ ಟು ಕಮ್' ಎಂದು ಬರೆಯುತ್ತಿದ್ದರು. ಮುಂದೆ ನಾನು ಮೇಷ್ಟ್ರಾದ ಮೇಲೆ ಈ 'ಮಸ್ಟ್ ಗೋಸ್' ಹೇಳಿ ಎಷ್ಟು ತರಗತಿಗಳನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ಒಂದು ಬೆಳಿಗ್ಗೆ ಆ ಮುನ್ಷಿ ನನಗೆ ಹೇಳಿ ಕಳಿಸಿದರು. ನಾನು ಕೆಂಪು ಶಾಯಿ ಸಮೇತ ಹೋದೆ. ಅವರ ಪಕ್ಕದಲ್ಲಿ ಕಂಬಳಿ ಹೊದ್ದ, ಕಾಲಿಗೆ ಮೆಟ್ಟಿಲ್ಲದ, ಬಿದಿರು ಕೋಲು ಹಿಡಿದ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತಿದ್ದ. ನಲವತ್ತರ ಆಸುಪಾಸು. ದೊಡ್ಡಉಳ್ಳಾರ್ತಿ ಕಡೆಯ ಒಂದು ಹಟ್ಟಿಯ ಕಿಲಾರಿ. ದೇವರಿಗೆ ಬಿಟ್ಟ ಎತ್ತುಗಳನ್ನು ನೋಡಿಕೊಳ್ಳುವವನನ್ನು ನಮ್ಮ ಸೀಮೆಯಲ್ಲಿ ಕಿಲಾರಿ ಎನ್ನುತ್ತಾರೆ. ಆ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ. ಸತ್ತರೆ ಮನೆಯ ಹಿರಿಯನಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ.

ಆದದ್ದು ಇಷ್ಟು. ಹಿಂದಿನ ಸಂಜೆ ಆ ಎತ್ತುಗಳು, ಒಟ್ಟು ಒಂಬತ್ತು, ಸರ್ಕಾರಿ ಕಾವಲಿನ, ಅಂದರೆ ಮೀಸಲು ಹುಲ್ಲುಗಾವಲಿನ, ಹುಲ್ಲಿಗೆ ಬಾಯಿ ಹಾಕಿದ್ದವು. ಕಾವಲುಗಾರ ಅವನ್ನು ಹೊಡೆದುಕೊಂಡು ಬಂದು ಚಳ್ಳಕೆರೆಯ ದನದ ದೊಡ್ಡಿಗೆ ಕೂಡಿದ್ದ. ದಂಡ ಕಟ್ಟಿ ಬಿಡಿಸಿಕೊಂಡು ಹೋಗಬಹುದಿತ್ತು, ಹಟ್ಟಿಯವರು ಅಷ್ಟಕ್ಕೆ ಬಡವರೂ ಆಗಿರಲಿಲ್ಲ. ಆದರೆ ದೇವರ ಎತ್ತಿಗೆ ದುಡ್ಡು ಕೊಟ್ಟರೆ ಅದನ್ನು ಕೊಂಡ ಹಾಗಾಯಿತು, ಕೊಂಡ ಎತ್ತು ಇನ್ನು ದೇವರದಲ್ಲ. ಕಟ್ಟದಿದ್ದರೆ ಏಳು ದಿನ ಕಳೆದ ಮೇಲೆ ಹರಾಜು, ಹರಾಜಿನಲ್ಲಿ ಹಿಡಿದವನು ಮಾರನೆಯ ದಿನವೇ ಗಾಣಕ್ಕೆ ಹೂಡುತ್ತಾನೆ. ತಾಲ್ಲೂಕಿನ ಅಮಲ್ದಾರರು ಮರ್ಯಾದಸ್ಥರು. ದಂಡ ಮನ್ನಾ ಮಾಡುವ ಅಧಿಕಾರ ತಮಗಿಲ್ಲ, ಮೇಲಿನ ಸಾಹೇಬರು ಮೊಳಕಾಲ್ಮೂರಿನಲ್ಲಿ ಕ್ಯಾಂಪು ಹಾಕಿದ್ದಾರೆ, ಇನ್ನು ನಾಲ್ಕು ದಿನ ಇರುತ್ತಾರೆ, ಅಲ್ಲಿಗೆ ಅರ್ಜಿ ಒಯ್ಯಿರಿ ಎಂದಿದ್ದರು. ಮುನ್ಷಿ ಆಗಲೇ ಅರ್ಜಿ ಬರೆದು ಮುಗಿಸಿದ್ದರು.

"ಸಾಹೇಬ್ರು ಇಂಗ್ಲಿಷ್‌ನಾಗೆ ಭಾಳ ಹುಷಾರಂತಪ್ಪಾ. ಒಂದು ಸಲ ಕಣ್ಣಾಡಿಸಿ ಕೊಟ್ಟುಬಿಡು, ಇವ ಜಲ್ದಿ ಹೊರಡಲಿ" ಎಂದರು.

ಕಣ್ಣಾಡಿಸಿದೆ. ಅಲ್ಲೇ ಕಲ್ಲಿನ ಮೇಲೆ ಕಾಗದ ಇಟ್ಟುಕೊಂಡು ಕೆಂಪು ಗೆರೆ ಎಳೆದೆ. ಎಳೆದು ಸುಮ್ಮನಿರುವ ಜಾತಿ ನನ್ನದಲ್ಲ, ಪಾಠವನ್ನೂ ಶುರು ಮಾಡಿದೆ.

"ನೋಡಿ ಮುನ್ಷಿಯವರೇ. ಮೇ, ಕ್ಯಾನ್, ಮಸ್ಟ್, ಷಲ್, ವಿಲ್. ಇವುಗಳಲ್ಲಿ ಯಾವುದಾದರೂ ಒಂದು ಬಂದ ಮೇಲೆ ಮುಂದಿನ ಕ್ರಿಯಾಪದ ಬರಿಮೈಯಲ್ಲಿ ಬರಬೇಕು. ಎಸ್ ಅನ್ನೋ ಬಾಲ ಬೇಡ, ಇಡಿ ಅನ್ನೋ ಬಾಲ ಬೇಡ, ನಡುವೆ ಟು ಅನ್ನೋ ಊರುಗೋಲೂ ಬೇಡ. 'ಹಿ ಗೋಸ್' ಸರಿ. ಆದರೆ 'ಹಿ ಮಸ್ಟ್ ಗೋ'."

"ಯಾಕೆ?"

ಯಾಕೆ ಎಂದು ಮದರಾಸಿನಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಪುಣ್ಯ, ಉತ್ತರ ನಮ್ಮ ಕನ್ನಡದಲ್ಲೇ ಸಿಕ್ಕಿತು.

"ಅವನು ಹೋಗ್ತಾನೆ, ಅವಳು ಹೋಗ್ತಾಳೆ, ಅವರು ಹೋಗ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಾಲ. ಆದರೆ ಬೇಕು ಅಂತ ಸೇರಿಸಿ ನೋಡಿ. ಅವನು ಹೋಗಬೇಕು, ಅವಳು ಹೋಗಬೇಕು, ಅವರೂ ಹೋಗಬೇಕು, ಎಮ್ಮೆನೂ ಹೋಗಬೇಕು. ಬಾಲ ಎಲ್ಲಿ ಹೋಯ್ತು? ಹೋಗ್ತಾನೆಬೇಕು ಅಂತ ಯಾರಾದರೂ ಅಂತಾರಾ?"

ಮುನ್ಷಿ ಲೇಖನಿ ಹಿಡಿದು ಕಾಗದದ ಅಂಚಿನಲ್ಲಿ ಏನೋ ಬರೆದುಕೊಂಡು ತಲೆ ಆಡಿಸಿದರು. "ಇಷ್ಟೇನಾ? ಇದನ್ನ ಯಾರಾದರೂ ಮೊದಲೇ ಕನ್ನಡದಾಗೆ ಹೇಳಿದ್ದರೆ ಮೂವತ್ತು ವರ್ಷದ ಹಿಂದೆ ಕಲೀತಿದ್ದೆನಲ್ಲಪ್ಪಾ!" ಎಂದರು. ಆಮೇಲೆ ನನ್ನ ಮುಖ ನೋಡಿ, "ಅಲ್ಲಾ, ಎಸ್ ಹಾಕಿದ್ರೆ ದೊಡ್ಡಿ ಬಾಗಿಲು ತೆಗೆಯಲ್ವೇನು?" ಎಂದು ಕೇಳಿದರು.

ಕಿಲಾರಿ ಒಂದು ಸಲ ಅವರ ಮುಖ, ಒಂದು ಸಲ ನನ್ನ ಮುಖ ನೋಡುತ್ತಿದ್ದ. "ಎಮ್ಮೆ ಅಲ್ಲ ಸಾಮೇರೇ, ಎತ್ತು" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ತಿದ್ದಿದ ಕಾಗದವನ್ನು ಮುನ್ಷಿ ಕೈಗೆ ಕೊಟ್ಟಿದ್ದರೆ ಊಟದ ಹೊತ್ತಿಗೆ ಹೊಸ ಪ್ರತಿ ಸಿದ್ಧವಾಗುತ್ತಿತ್ತು. ನಾನು ಕೊಡಲಿಲ್ಲ. "ನಾನೇ ಚೆನ್ನಾಗಿ ಬರೆದುಕೊಡ್ತೀನಿ" ಎಂದು ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಇದರ ಹಿಂದೆ ದಯೆ ಇತ್ತೆಂದು ಬಹಳ ವರ್ಷ ಹೇಳಿಕೊಂಡೆ. ಇದ್ದದ್ದು ಬೇರೆ. ಸಾಹೇಬರು ಅರ್ಜಿ ಓದುತ್ತಾರೆ, ಓದುತ್ತಾ ನಿಲ್ಲಿಸುತ್ತಾರೆ, "ಈ ಇಂಗ್ಲಿಷ್ ಬರೆದವರು ಯಾರು?" ಎಂದು ಕೇಳುತ್ತಾರೆ. ಕಿಲಾರಿ ನನ್ನ ಹೆಸರು ಹೇಳುತ್ತಾನೆ. ವಾರದಲ್ಲಿ ನೌಕರಿಯ ಆರ್ಡರು. ಈ ನಾಟಕವನ್ನು ಜಗಲಿಯ ಮೇಲೆ ಕೂತು ಎಷ್ಟು ಸಲ ಆಡಿಸಿದೆನೆಂದರೆ, ಸಾಹೇಬರ ಮೀಸೆ ಕೂಡ ನನಗೆ ಕಾಣುತ್ತಿತ್ತು. ಅವರಿಗೆ ಮೀಸೆ ಇತ್ತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಕಿಲಾರಿ ನನ್ನ ಹಿಂದೆಯೇ ಬಂದು ನಮ್ಮ ಜಗಲಿಯ ಕೆಳಗೆ ಕೂತ. ದೊಡ್ಡಿ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಅಲ್ಲಿಂದ ಒಂದು ಎತ್ತು ಕೂಗಿದರೆ ಇವನು ಇಲ್ಲಿಂದಲೇ ತೆಲುಗಿನಲ್ಲಿ, "ವಸ್ತಾ ನಾಯನಾ, ವಸ್ತಾ" ಎನ್ನುತ್ತಿದ್ದ. ಬರ್ತೀನಪ್ಪಾ, ಬರ್ತೀನಿ. ಹತ್ತು ನಿಮಿಷಕ್ಕೊಮ್ಮೆ ಇದೇ. ನನ್ನ ವಾಕ್ಯರಚನೆಗೆ ಭಂಗ ಬರುತ್ತಿತ್ತು. "ಸ್ವಲ್ಪ ಸುಮ್ಮನಿರಯ್ಯಾ" ಎಂದೆ. ಆಮೇಲೆ ಅವನು ತುಟಿ ಮಾತ್ರ ಆಡಿಸುತ್ತಿದ್ದ.

ಮೊದಲ ದಿನವೆಲ್ಲ 'ಮೇ' ಇಡುವುದೋ 'ಮೈಟ್' ಇಡುವುದೋ ಎಂಬುದರಲ್ಲಿ ಹೋಯಿತು. 'ಮೇ' ಎಂದರೆ ಸಲುಗೆ ಹೆಚ್ಚಾಯಿತೇನೋ, 'ಮೈಟ್' ಎಂದರೆ ಅನುಮಾನ ಹೆಚ್ಚಾಯಿತೇನೋ. ಒಂದು ಕಡೆ, ಮಾಡತಕ್ಕದ್ದು ಎಂಬರ್ಥದ 'ಆಟ್' ಎಂಬುದನ್ನು ತಂದೆ, ಯಾಕೆಂದರೆ ಅದೊಂದಕ್ಕೆ ಮಾತ್ರ ಮುಂದೆ 'ಟು' ಬೇಕು; ಆ ಸೂಕ್ಷ್ಮ ನನಗೆ ಗೊತ್ತಿದೆ ಎಂದು ಸಾಹೇಬರಿಗೆ ತಿಳಿಯಲಿ ಎಂಬ ಆಸೆ. ಬರೆದ ಮೇಲೆ, ಸರ್ಕಾರಕ್ಕೆ ಬುದ್ಧಿ ಹೇಳಿದ ಹಾಗಾಯಿತು ಎನಿಸಿ ಹರಿದು ಹಾಕಿದೆ. ಎರಡನೆಯ ದಿನ ಒಳ್ಳೆಯ ಕಾಗದ ಮುಗಿದಿತ್ತು. ಪೇಟೆಯಲ್ಲಿ ಸಿಕ್ಕ ಕಾಗದ ಹಳದಿ. ಹಳದಿ ಕಾಗದದಲ್ಲಿ ನನ್ನ ಇಂಗ್ಲಿಷ್ ಹೋಗುವುದು ಹೇಗೆ? ಶಾಲೆಯಿಂದ ಎರಡು ಹಾಳೆ ಬೇಡಿ ತಂದೆ. ಒಂದರ ಮೇಲೆ ಶಾಯಿ ಬಿತ್ತು.

ಮಧ್ಯಾಹ್ನ ಮುನ್ಷಿಯೇ ಬಂದರು. "ಆತೇನಪ್ಪಾ?"

"ಇದು ಅವಸರದ ಕೆಲಸ ಅಲ್ಲ ಮುನ್ಷಿಯವರೇ."

"ನಿನ್ನ ಇಂಗ್ಲಿಷ್ ಹೆರಿಗೆ ಆಗೋತನಕ ಸಾಹೇಬ್ರು ಮೊಳಕಾಲ್ಮೂರಾಗೆ ತೊಟ್ಟಿಲು ಕಟ್ಟಿಕೊಂಡು ಕೂತಿರ್ತಾರಾ?"

ನಾನು ನಗಲಿಲ್ಲ. ಅವರೂ ನಗಲಿಲ್ಲ. ಕಿಲಾರಿಯ ಕಡೆ ಒಂದು ಸಲ ನೋಡಿ ಹೊರಟುಹೋದರು.

ಆ ಸಂಜೆಯ ಮಾತು, ಎರಡನೆಯ ದಿನದ ಸಂಜೆಯದು, ನನಗೆ ಚೆನ್ನಾಗಿ ನೆನಪಿದೆ. ಅವ್ವ ಕಿಲಾರಿಗೆಂದು ಮುದ್ದೆ, ಸಾರು ತೆಗೆದುಕೊಂಡು ಹೊರಗೆ ಹೋದವಳು ತಟ್ಟೆಯನ್ನು ಹಾಗೆಯೇ ಒಳಗೆ ತಂದಳು.

"ಅವನು ಉಣ್ಣಲ್ಲಂತೆ ಕಣೋ."

"ಯಾಕಂತೆ? ನಮ್ಮ ಮನೆ ಊಟ ಆಗಲ್ಲವಂತಾ?"

"ಎತ್ತು ಬಯಲಾಗೆ ಬಾಯಾಡೋತನಕ ಕಿಲಾರಿ ಉಣ್ಣಂಗಿಲ್ಲವಂತೆ. ಮೊನ್ನೆ ರಾತ್ರಿಯಿಂದ ಬರೀ ನೀರು ಕುಡ್ಕೊಂಡು ಕೂತೈತಲ್ಲೋ ಆ ಜೀವ. ನೀನು ಎರಡು ದಿನದಿಂದ ಅದೇನು ಬರಿತಿದ್ದೀಯೋ? ರಾಮಾಯಣನಾ?"

ನನಗೆ ಆಗಲೇ ತಿಳಿದದ್ದು. ತಿಳಿದ ಕ್ಷಣದಿಂದ ತಡಮಾಡಲಿಲ್ಲ. ಇದನ್ನು ಮಾತ್ರ ಯಾರು ಕೇಳಿದರೂ ಎದೆ ತಟ್ಟಿ ಹೇಳಿದ್ದೇನೆ. ಮಾರನೆಯ ದಿನ ಬೆಳಕು ಹರಿಯುತ್ತಲೇ ಎದ್ದು, ಉಳಿದ ಒಂದು ಹಾಳೆಯ ಮೇಲೆ ದುಂಡಾಗಿ, ತಪ್ಪಿಲ್ಲದೆ, ಒಂದೇ ಉಸಿರಿನಲ್ಲಿ ಬರೆದು ಮುಗಿಸಿದೆ. ಮರಳು ಉದುರಿಸಿ ಒಣಗಿಸಿ, ಕೋಟು ಹಾಕಿಕೊಂಡು ಹೊರಗೆ ಬಂದೆ.

ಜಗಲಿಯ ಕೆಳಗೆ ಯಾರೂ ಇರಲಿಲ್ಲ.

ಬೇವಿನ ಮರದ ಹತ್ತಿರ ಓಡಿದೆ. ಮುನ್ಷಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಕಳಿಸಿಬಿಟ್ಟೆ ಕಣಪ್ಪಾ. ರೇಷ್ಮೆ ನೂಲಿನ ಗಾಡಿ ಮೊಳಕಾಲ್ಮೂರಿಗೆ ಹೊರಟಿತ್ತು. ನೆನಪಿದ್ದಷ್ಟು ಇನ್ನೊಂದು ಅರ್ಜಿ ಗೀಚಿ ಕೊಟ್ಟೆ. ಸಿಟ್ಟಾಗಬ್ಯಾಡ. ನೀನು ಹೇಳಿದಂಗೆ ಬಾಲ ಎಲ್ಲಾ ಕತ್ತರಿಸಿದೀನಿ."

"ಎಲ್ಲಾ ಅಂದರೆ?"

"ಎಲ್ಲಾ. ಎಲ್ಲಿ ಎಸ್ ಕಂಡ್ತೋ ಅಲ್ಲೆಲ್ಲಾ. ಎತ್ತು ಎಷ್ಟಿದ್ರೂ ಬುಲ್ ಅಂತಲೇ ಬರೆದೆ. ಬಾಲ ಇಲ್ಲದ ಎತ್ತು."

ಮೂವತ್ತು ಮೈಲಿಗೂ ಮೇಲಿನ ದಾರಿ. ನಾನು ಎರಡು ದಿನ ಕಚೇರಿಯ ಕಡೆ ಹೋಗಲಿಲ್ಲ. ಬಾಲವಿಲ್ಲದ ಎತ್ತುಗಳನ್ನು ಓದಿ ಸಾಹೇಬರು ಅರ್ಜಿ ಬಿಸಾಡಿದ್ದಾರೆ ಎಂದೇ ಎಣಿಸಿದೆ. ನಿಜ ಹೇಳಬೇಕೆಂದರೆ ಹಾಗೆ ಆಗಲಿ ಎಂಬ ಆಸೆಯೂ ಒಂದಿಷ್ಟು ಇತ್ತು. ಮುನ್ಷಿಗೆ ಬುದ್ಧಿ ಬರಲಿ, ಆಮೇಲೆ ನನ್ನ ಕಾಗದ ಹೋಗಲಿ, ಅಷ್ಟೇ. ಎತ್ತುಗಳ ಕೇಡು ನಾನು ಬಯಸಲಿಲ್ಲ. ಬಯಸಲಿಲ್ಲ ಎಂದು ನೆನಪು.

ಐದನೆಯ ದಿನ ಮಧ್ಯಾಹ್ನ ಬೀದಿಯಲ್ಲಿ ಗೊರಸಿನ ಸದ್ದಾಯಿತು. ಎತ್ತುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹಿಂದೆ ಕಿಲಾರಿ. ಮುಖ ಒಣಗಿ ಮೂಗು ಮಾತ್ರ ಉಳಿದಿತ್ತು, ಕೋಲನ್ನು ಎತ್ತುಗಳಿಗೆ ತೋರಿಸುವುದು ಬಿಟ್ಟು ತಾನೇ ಊರಿಕೊಂಡು ನಡೆಯುತ್ತಿದ್ದ. ಅವ್ವ ತಟ್ಟೆ ಹಿಡಿದು ಓಡಿ ಬಂದಳು. "ತಡಿ ಅವ್ವಾ, ಇವು ಮೊದಲು" ಎಂದ. ನಮ್ಮ ಮನೆಯ ಹಿಂದಿನ ಬೀಳಿನಲ್ಲಿ ಹುಲ್ಲಿತ್ತು. ಎತ್ತುಗಳು ಅಲ್ಲಿ ತಲೆ ಬಗ್ಗಿಸಿದವು. ಅವನು ನಿಂತುಕೊಂಡೇ ಒಂದೊಂದನ್ನೂ ನೋಡಿದ. ಎಲ್ಲಕ್ಕಿಂತ ಮುದಿ ಎತ್ತು ಮೂಸಿ ಮೂಸಿ ತಡಮಾಡಿತು. ಅದು ಬಾಯಿ ಹಾಕಿದ ಮೇಲೆ ಅವನು ಕೂತು, ಕೈ ತೊಳೆದು, ಮುದ್ದೆ ಮುರಿದ. ಮೊದಲ ತುತ್ತು ನುಂಗಲಾರದೆ ಕಣ್ಣಲ್ಲಿ ನೀರು ಬಂತು. ಅವ್ವ ಬೆನ್ನು ನೀವಿದಳು.

ಉಂಡ ಮೇಲೆ ನನ್ನ ಹತ್ತಿರ ಬಂದ. "ನಿಮ್ಮ ಕೈಗುಣ ಸಾಮೇರೇ. ಕಾಗದ ನೋಡಿದ್ರು, ಆರ್ಡರ್ ಮಾಡಿದ್ರು."

ಅವನಿಗೆ ಓದಲು ಬರುತ್ತಿರಲಿಲ್ಲ. ಎರಡು ದಿನ ನಾನು ಬರೆದದ್ದನ್ನು ನೋಡಿದ್ದ. ಅದೇ ಕಾಗದ ಮುನ್ಷಿಯ ಕೈಯಿಂದ ತನಗೆ ಬಂತೆಂದು ತಿಳಿದಿದ್ದ.

ನಾನು, "ಆಗಲಿ, ಆಗಲಿ" ಎಂದೆ. ಅಷ್ಟು ಬೇಗ, ಅಷ್ಟು ತಪ್ಪಿಲ್ಲದೆ ನಾನು ಆಡಿದ ಮಾತು ಬೇರೆ ಇಲ್ಲ.

ಆಮೇಲೆ ತಡೆಯಲಾರದೆ ಕೇಳಿದೆ. "ಸಾಹೇಬರು ಏನಾದರೂ ಕೇಳಿದರಾ?"

"ಒಂದೇ ಕೇಳಿದ್ರು ಸಾಮೇರೇ."

"ಏನು?"

"ಉಂಡು ಎಷ್ಟು ದಿನ ಆತು ಅಂತ."

ಇವನ ಮುಖ ನೋಡಿ ಊಹಿಸಿರಬೇಕು ಎಂದುಕೊಂಡೆ. ಅಧಿಕಾರಿಗಳ ಕಣ್ಣು ಚುರುಕು ಎಂದು ಅವ್ವನಿಗೆ ಹೇಳಿದ್ದೂ ನೆನಪಿದೆ.

ನೆನಪಿನದು ಇಲ್ಲಿಗೆ ಮುಗಿಯಿತು. ಇನ್ನು ಗಂಟು.

ಬಿಚ್ಚಿದ್ದೇನೆ. ಒಳಗೆ ಎರಡು ಕಾಗದಗಳಿವೆ. ಒಂದು ನನ್ನ ದುಂಡಕ್ಷರದ ಪ್ರತಿ. ಇನ್ನೊಂದು ಮುನ್ಷಿಯ ಮೊದಲ ಅರ್ಜಿ, ನನ್ನ ಕೆಂಪು ಶಾಯಿಯೊಂದಿಗೆ. ಎರಡನೆಯದನ್ನು ಇಟ್ಟಿದ್ದೆನೆಂಬುದೇ ನನಗೆ ಮರೆತುಹೋಗಿತ್ತು.

ಎತ್ತುಗಳು ಒಂಬತ್ತಲ್ಲ, ಹನ್ನೊಂದು. ಇರಲಿ. 'ಮಸ್ಟ್ ಗೋಸ್' ಎಲ್ಲೂ ಇಲ್ಲ. 'ಕ್ಯಾನ್ ಟು ಕಮ್' ಕೂಡ ಇಲ್ಲ. ಒಂದು ಪುಟ ತುಂಬಾ ಬರೆದ ಆ ಮುದುಕರು ತಪ್ಪಿದ್ದು ಮೂರೇ ಕಡೆ. ನಾನು ಇಡೀ ಆಯುಸ್ಸು ತರಗತಿಗಳಲ್ಲಿ ಅವರ ಹೆಸರಿಗೆ ಹಚ್ಚಿ ನಗಿಸಿದ ಮಾತುಗಳು ಎಲ್ಲಿಂದ ಬಂದವೋ. ನಾನೇ ಹುಟ್ಟಿಸಿದ್ದಿರಬೇಕು. ಮಕ್ಕಳು ನಕ್ಕರು, ನಾನು ನಂಬಿದೆ.

ಅಂಚಿನಲ್ಲಿ ಮುನ್ಷಿಯ ಕೈಬರಹದಲ್ಲಿ ಕನ್ನಡದಲ್ಲಿ ಹೀಗಿದೆ: ಅವನು ಹೋಗಬೇಕು, ಅವಳು ಹೋಗಬೇಕು, ಎಮ್ಮೆ ಹೋಗಬೇಕು. ಅಂದರೆ ಕೆಂಪು ಗೆರೆಗಳು ಬಿದ್ದದ್ದು ಮೊದಲ ದಿನವೇ, ಬೇವಿನ ಮರದ ಕೆಳಗೆ. ಈ ವಿಷಯದಲ್ಲಿ ನನ್ನ ನೆನಪು ಗೆದ್ದಿತು. ಗೆಲ್ಲದಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಮೂರು ತಪ್ಪುಗಳಲ್ಲಿ ಮೊದಲನೆಯದು ಸಾಹೇಬರು ಎತ್ತುಗಳನ್ನು ಬಿಡಿಸಬೇಕೆಂಬ ಸಾಲಿನಲ್ಲಿದೆ. ಕೊನೆಯದು ಅರ್ಜಿದಾರ ಸದಾ ಪ್ರಾರ್ಥಿಸುತ್ತಾನೆಂಬ ಕೊನೆಯ ಸಾಲಿನಲ್ಲಿದೆ. ನಡುವಿನದು ಎರಡನೆಯ ಪ್ಯಾರಾದಲ್ಲಿ. 'ದಿ ಪೆಟಿಷನರ್ ಮೇ ನಾಟ್ ಈಟ್ಸ್ ಟಿಲ್ ದಿ ಬುಲ್ಸ್ ಈಟ್.' ಎತ್ತುಗಳು ತಿನ್ನುವ ತನಕ ಅರ್ಜಿದಾರನು ಉಣ್ಣುವಂತಿಲ್ಲ.

ಮುನ್ಷಿ ಮೊದಲೇ ಬರೆದಿದ್ದರು; ನೆನಪಿನಿಂದ ಗೀಚಿದ ಎರಡನೆಯದರಲ್ಲೂ ಬಿಟ್ಟಿರಲಾರರು. ಸಾಹೇಬರು ಕೇಳಿದ ಪ್ರಶ್ನೆ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಬಾಲವಿಲ್ಲದ ಎತ್ತುಗಳ ನಡುವೆಯೂ ಸಾಹೇಬರಿಗೆ ಈ ಸಾಲು ಕಂಡಿತ್ತು. ನನ್ನ ದುಂಡಕ್ಷರದ ಪ್ರತಿಯಲ್ಲೂ ಅದೇ ಸಾಲು ಇದೆ, ಬಹಳ ಶುದ್ಧವಾಗಿದೆ. ಅವ್ವ ತಟ್ಟೆ ವಾಪಸು ತಂದಾಗ ನಾನು "ಯಾಕಂತೆ?" ಎಂದು ಕೇಳಿದ್ದು ನಿಜವೇ ಆಗಿದ್ದರೆ, ಎರಡು ದಿನ ಜೇಬಿನಲ್ಲಿಟ್ಟುಕೊಂಡಿದ್ದ ಕಾಗದದ ಅರ್ಥ ನನಗೆ ತಿಳಿದಿರಲಿಲ್ಲ. ನಿಜವಲ್ಲದಿದ್ದರೆ ತಿಳಿದಿತ್ತು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಕೇಳೋಣವೆಂದರೆ ಅವ್ವ ಇಲ್ಲ, ಮುನ್ಷಿ ಇಲ್ಲ. ಕಿಲಾರಿಯ ಹಟ್ಟಿ ಇದೆ. ಅಲ್ಲಿಗೆ ಹೋದರೆ ಅವನ ಮಕ್ಕಳು ಎದ್ದು ನಿಂತು, ನಮ್ಮ ಎತ್ತು ಬಿಡಿಸಿಕೊಟ್ಟ ಬಿ.ಎ. ಸಾಮೇರು ಎಂದು ಕೈ ಮುಗಿಯುತ್ತಾರೆ. ಹೋದ ವರ್ಷವೂ ಹಾಗೇ ಮಾಡಿದರು, ನಾನು "ಆಗಲಿ" ಎಂದು ಹಾಲು ಕುಡಿದು ಬಂದೆ.

ಕಾಗದ ಹಳದಿಯಾಗಿದೆ. ಕೆಂಪು ಶಾಯಿ ಮಾತ್ರ ಮಾಸಿಲ್ಲ. ಆ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ. 'ಈಟ್ಸ್' ಎಂಬಲ್ಲಿ ಎಸ್ ಮೇಲೆ ಮಾತ್ರ ಗೆರೆ ಬಿದ್ದಿದೆ. ನೆಟ್ಟಗೆ, ಸಣ್ಣಗೆ ಬಿದ್ದಿದೆ. ಕೈ ಎಲ್ಲೂ ತಡೆದಿಲ್ಲ.